ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು: ಮೂರು ಗೇಮ್‌ಗಳ ಹೋಲಿಕೆ

ಆಯ್ಕೆ ನಿಮ್ಮದು, ಫಲವೂ ನಿಮ್ಮದೇ ಅಂತ ಹೇಳುವ ರೋಲ್ ಪ್ಲೇಯಿಂಗ್ ಗೇಮ್‌ಗಳು, ಅಂದರೆ ಕಥೆಯೊಳಗಿನ ಒಂದು ಪಾತ್ರವಾಗಿ ಆಡುವ ವಿಡಿಯೊ ಗೇಮ್‌ಗಳು, ಬೇಕಾದಷ್ಟಿವೆ. ಅಂಥ ಮೂರನ್ನು ಎರಡೆರಡು ಸಲ ಆಡಿ ನೋಡಿದೆ. ಕಥೆಯಲ್ಲಿ ಯಾರಾದರೂ ಸತ್ತಾಗ ‘ಇದು ನಾನೇ ಮಾಡಿದ್ದು’ ಅಂತ ನಿಜವಾಗಿ ಅನ್ನಿಸುವುದು ಯಾವುದರಲ್ಲಿ? ನನಗೆ ಬೇಕಿದ್ದದ್ದು ಇಷ್ಟೇ.

ಮೊದಲು 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’. ರೆಡ್‌ಕ್ಲಿಫ್ ಕೋಟೆಯಲ್ಲಿ ಕಾನರ್ ಎಂಬ ಹುಡುಗನ ಮೈಮೇಲೆ ಪಿಶಾಚಿ ಬಂದಿದೆ. ಅವನನ್ನು ಕೊಲ್ಲಬಹುದು. ಇಲ್ಲವೇ ತಾಯಿಯ ಪ್ರಾಣ ಬಲಿಕೊಟ್ಟು, ರಕ್ತದ ಮಾಟದಿಂದ ಪಿಶಾಚಿಯನ್ನು ಓಡಿಸಬಹುದು. ಮಂತ್ರವಾದಿಗಳ ಗೋಪುರಕ್ಕೆ ಹೋಗಿ ಸಹಾಯ ತರುವ ದಾರಿಯೂ ಇದೆ. ನಾನು ಅದನ್ನೇ ಹಿಡಿದೆ. ವಾಪಸ್ ಬರುವಷ್ಟರಲ್ಲಿ ಊರಿಗೆ ಏನಾಗಿರುತ್ತದೋ ಅಂತ ಭಯವಿತ್ತು. ಏನೂ ಆಗಿರಲಿಲ್ಲ. ತಾಯಿ, ಮಗ ಇಬ್ಬರೂ ಉಳಿದರು. ಖುಷಿಯೇನೋ ಆಯಿತು, ಆದರೆ ಅಷ್ಟು ಹೊತ್ತು ತಲೆ ಕೆಡಿಸಿಕೊಂಡದ್ದಕ್ಕೆ ಅರ್ಥವೇ ಉಳಿಯಲಿಲ್ಲ. ಎರಡನೇ ಸಲ ಹುಡುಗನನ್ನು ಉಳಿಸಲಿಲ್ಲ. ಜೊತೆಗಾರ ಅಲಿಸ್ಟರ್ ಶಿಬಿರದಲ್ಲಿ ನನ್ನನ್ನು ಬೈದ. ಬೈದದ್ದು ಸರಿಯೇ. ಆದರೆ ಆಮೇಲೆ ಒಂದೊಂದು ಉಡುಗೊರೆ ಕೊಟ್ಟರೆ ಸಾಕು, ಅವನ ಮೆಚ್ಚುಗೆಯ ಅಂಕ ಮತ್ತೆ ಏರುತ್ತದೆ. ಒಂದು ಮಗುವಿನ ಸಾವು ಹಾಗೆ ಸರಿಹೋಗಬಾರದು.

‘ದಿ ವಿಚರ್ 3’ ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಕಂಪನಿ 2015ರಲ್ಲಿ ತಂದ ಗೇಮ್. ಇಲ್ಲಿ ತಪ್ಪಿಸಿಕೊಳ್ಳುವ ದಾರಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ವೆಲೆನ್‌ನ ಜೌಗು ನೆಲದಲ್ಲಿ ಮೂವರು ಮಾಟಗಾತಿಯರು, ಅವರ ಕೈಯಲ್ಲಿ ಅನಾಥ ಮಕ್ಕಳು. ಮರದ ಬುಡದಲ್ಲಿ ಸೆರೆಯಾದ ಪ್ರೇತವೊಂದು ಹೇಳುತ್ತದೆ: ನನ್ನನ್ನು ಬಿಡಿಸು, ಮಕ್ಕಳನ್ನು ಉಳಿಸುತ್ತೇನೆ. ಬಿಡಿಸಿದೆ. ಮಾತು ಉಳಿಸಿಕೊಂಡಿತು. ಆದರೆ ಪಕ್ಕದ ಡೌನ್‌ವಾರೆನ್ ಊರನ್ನೇ ನಾಶ ಮಾಡಿತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅನ್ನಾ ಮೇಲೆ ಮಾಟಗಾತಿಯರು ಸೇಡು ತೀರಿಸಿಕೊಂಡರು, ಅವಳು ಸತ್ತಳು. ಆಮೇಲೆ ಅವಳ ಗಂಡ ಬ್ಯಾರನ್‌ನ ಕೋಟೆಗೆ ಹೋದರೆ, ಅಂಗಳದ ಮರದಲ್ಲಿ ಅವನು ನೇಣು ಹಾಕಿಕೊಂಡಿದ್ದ. ಹೆಂಡತಿಯನ್ನು ಹೊಡೆಯುತ್ತಿದ್ದ ಕುಡುಕ ಅವನು. ಆದರೂ ಆ ಮರದ ಕೆಳಗೆ ಬಹಳ ಹೊತ್ತು ನಿಂತುಬಿಟ್ಟೆ.

ಎರಡನೇ ಸಲ ಪ್ರೇತವನ್ನು ಕೊಂದೆ. ಊರು ಉಳಿಯಿತು. ಅನ್ನಾಗೆ ಬುದ್ಧಿಭ್ರಮಣೆಯಾದರೂ ಜೀವ ಉಳಿಯಿತು, ಬ್ಯಾರನ್ ಅವಳನ್ನು ಚಿಕಿತ್ಸೆಗೆ ಕರೆದುಕೊಂಡು ಹೊರಟ. ಮಕ್ಕಳು ಮಾತ್ರ ಇರಲಿಲ್ಲ.

ಬರವಣಿಗೆಯಲ್ಲಿ ಮೂರರಲ್ಲಿ ಇದೇ ಮೇಲು. ಆಯ್ಕೆಯ ಫಲ ತಡವಾಗಿ ಬರುತ್ತದೆ, ಹಳೆಯ ಸೇವ್‌ಗೆ, ಅಂದರೆ ಆಟವನ್ನು ಉಳಿಸಿಟ್ಟ ಹಂತಕ್ಕೆ, ಹಿಂದಿರುಗೋಣ ಅಂದರೆ ಅದು ಎಷ್ಟೋ ಹಿಂದೆ ಉಳಿದಿರುತ್ತದೆ. ಆದರೂ ನನ್ನ ತಕರಾರು ಒಂದಿದೆ. ಪ್ರೇತ ಊರನ್ನೇ ಕೊಲ್ಲುತ್ತದೆ ಅಂತ ನನಗೆ ಗೊತ್ತಿತ್ತಾ? ಅನುಮಾನವಿತ್ತು, ಅಷ್ಟೇ. ಹಾಗಾಗಿ ಉಳಿದದ್ದು ದುಃಖ. ತಪ್ಪಿತಸ್ಥ ಅಂತ ಪೂರ್ತಿಯಾಗಿ ಅನ್ನಿಸಲಿಲ್ಲ. ದೇವರ ಮುಂದೆ ‘ತಿಳಿದೋ ತಿಳಿಯದೆಯೋ’ ಅಂತ ಎರಡನ್ನೂ ಸೇರಿಸಿ ಬೇಡಿಕೊಳ್ಳುತ್ತೇವೆ, ನಿಜ. ಆದರೆ ಎರಡೂ ಒಂದೇ ಅಲ್ಲ ಅಲ್ವಾ?

ಆ ವ್ಯತ್ಯಾಸ ತಟ್ಟಿದ್ದು ‘ಅಂಡರ್‌ಟೇಲ್’ನಲ್ಲಿ. ಅದೂ 2015ರದ್ದೇ. ಟೋಬಿ ಫಾಕ್ಸ್ ಬಹುಪಾಲು ಒಬ್ಬರೇ ಮಾಡಿದ ಪುಟ್ಟ ಗೇಮ್, ಚಿತ್ರಗಳೂ ತೀರಾ ಸರಳ. ಟೊರಿಯಲ್ ಎಂಬ ತಾಯಿಯಂಥ ಪಾತ್ರ ಕೈಹಿಡಿದು ಮುಳ್ಳುಗಳ ದಾರಿ ದಾಟಿಸುತ್ತಾಳೆ. ನಾವು ಮಲಗಿ ಏಳುವಷ್ಟರಲ್ಲಿ ಹಾಸಿಗೆ ಪಕ್ಕ ಒಂದು ತುಂಡು ಪೈ ಇಟ್ಟಿರುತ್ತಾಳೆ. ಆದರೆ ಹೊರಗೆ ಹೋಗಬೇಕೆಂದರೆ ಅಡ್ಡ ನಿಲ್ಲುತ್ತಾಳೆ. ಮಾತಾಡಿದರೆ ಪ್ರಯೋಜನವಿಲ್ಲ. ಸ್ವಲ್ಪ ಹೊಡೆದರೆ ಬಿಡುತ್ತಾಳೆ ಅಂದುಕೊಂಡು ಹೊಡೆದೆ. ನನ್ನ ಶಕ್ತಿ ಕಡಿಮೆಯಾದಾಗ ಅವಳ ಬೆಂಕಿಯುಂಡೆಗಳು ನನ್ನನ್ನು ಬಿಟ್ಟು ಪಕ್ಕಕ್ಕೆ ಹೋಗತೊಡಗಿದವು. ಅದನ್ನು ಕಂಡೂ ಇನ್ನೊಂದು ಏಟು ಹಾಕಿದೆ. ಸತ್ತೇ ಹೋದಳು.

ಗೇಮ್ ಮುಚ್ಚಿ, ಸೇವ್‌ನಿಂದ ಮತ್ತೆ ಶುರು ಮಾಡಿದೆ. ಈ ಸಲ ಹೊಡೆಯಲೇ ಇಲ್ಲ. ಬಿಟ್ಟುಬಿಡುವ ಆಯ್ಕೆಯನ್ನೇ ಮತ್ತೆ ಮತ್ತೆ ಒತ್ತುತ್ತಾ ಹೋದೆ. ಕೊನೆಗೆ ದಾರಿ ಬಿಟ್ಟಳು, ನನ್ನನ್ನು ತಬ್ಬಿಕೊಂಡಳು. ಆಚೆ ಬಂದರೆ ಫ್ಲೋವಿ ಎಂಬ ಹೂವು ಕಾದಿತ್ತು. ನೀನು ಅವಳನ್ನು ಕೊಂದೆ, ಆಮೇಲೆ ಪಶ್ಚಾತ್ತಾಪವಾಗಿ ಹಿಂದಕ್ಕೆ ಹೋದೆ, ನನಗೆಲ್ಲ ಗೊತ್ತು ಅಂದಿತು. ಎದೆ ಧಸಕ್ ಎಂದಿತು. ಸೇವ್ ಫೈಲ್ ಇದ್ದರೆ ಎಲ್ಲವನ್ನೂ ಅಳಿಸಬಹುದು ಅಂತ ಅಲ್ಲಿವರೆಗೆ ನಂಬಿದ್ದೆ.

ಎಕ್ಸ್‌ಪಿ ಅಂದರೆ ಬೇರೆ ಗೇಮ್‌ಗಳಲ್ಲಿ ಅನುಭವದ ಅಂಕ, ಇಲ್ಲಿ ಕೊಂದ ಲೆಕ್ಕ. ಅದನ್ನು ಕೊನೆಯ ಹೊತ್ತಿಗೆ ಸಾನ್ಸ್ ಎಂಬ ಅಸ್ಥಿಪಂಜರದ ಪಾತ್ರ ಬಿಡಿಸಿ ಹೇಳುತ್ತದೆ. ಹೊಣೆಯ ಮಾತು ಬಂದರೆ ನನ್ನ ಆಯ್ಕೆ ಈ ಗೇಮೇ. ಎಲ್ಲರನ್ನೂ ಕೊಲ್ಲುವ ದಾರಿಯೂ ಇದರಲ್ಲಿದೆ. ಅದನ್ನು ಮುಗಿಸಿದವರು ಮುಂದೆ ಎಲ್ಲರನ್ನೂ ಉಳಿಸಿದರೂ, ಆ ಒಳ್ಳೆಯ ಅಂತ್ಯದ ಮೇಲೆ ಕಲೆ ಉಳಿಯುತ್ತದೆ. ಆ ದಾರಿ ನಾನು ಆಡಿಲ್ಲ, ಆಡುವುದೂ ಇಲ್ಲ.