ಚಿತ್ರೀಕರಣದಲ್ಲಿ ಆರು ವಾರಗಳ ಕಾರ್ಯಾನುಭವ: ಕಲಿತದ್ದೆಷ್ಟು, ಕೈಗೆ ಬಂದದ್ದೆಷ್ಟು

ಜಾಹೀರಾತು ಮತ್ತು ಸಾಕ್ಷ್ಯಚಿತ್ರಗಳನ್ನು ತಯಾರಿಸುವ ಸಣ್ಣ ನಿರ್ಮಾಣ ಸಂಸ್ಥೆಯೊಂದು ಹೊಸಬರಿಗಾಗಿ ನಡೆಸುವ ಆರು ವಾರಗಳ ಕಾರ್ಯಾನುಭವ ತರಬೇತಿಯನ್ನು ನಾನು ಇತ್ತೀಚೆಗೆ ಮುಗಿಸಿದೆ. ಕ್ಯಾಮೆರಾ ಹಿಡಿಯುವ ಆಸೆಯಿಂದ ಸೇರುವವರು ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಅಲ್ಲಿ ನಾನು ಕ್ಯಾಮೆರಾ ಪೆಟ್ಟಿಗೆಯನ್ನು ದಿನವೂ ಹೊತ್ತೆ, ಕ್ಯಾಮೆರಾ ಚಲಾಯಿಸಿದ್ದು ಒಂದೇ ಒಂದು ಬಾರಿ. ಆದರೂ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ; ಕಳೆದ ಒಂದೂವರೆ ಅಂಕಕ್ಕೂ ಕ್ಯಾಮೆರಾ ಸಿಗದಿದ್ದುದಕ್ಕೂ ಸಂಬಂಧವಿಲ್ಲ.

ಮೊದಲ ವಾರ ಬಹುಪಾಲು ಕೇಬಲ್ ಸುತ್ತುವುದರಲ್ಲೇ ಕಳೆಯಿತು. ಮೊಣಕೈಗೆ ಹಾಕಿ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಆದ್ದರಿಂದ ಒಂದು ಸುತ್ತನ್ನು ಮೇಲಿನಿಂದ, ಮುಂದಿನದನ್ನು ಮಣಿಕಟ್ಟು ತಿರುಗಿಸಿ ಕೆಳಗಿನಿಂದ ತರುವ ‘ಓವರ್-ಅಂಡರ್’ ಕ್ರಮವನ್ನು ಅಲ್ಲಿ ಕಲಿಸುತ್ತಾರೆ. ನಾನು ಸುತ್ತಿದ ಮೊದಲ ಕೇಬಲನ್ನು ಸಹಾಯಕ ಛಾಯಾಗ್ರಾಹಕರು ತುದಿ ಹಿಡಿದು ನೆಲದುದ್ದಕ್ಕೂ ಬೀಸಿದರು, ಅದು ಅರ್ಧದಲ್ಲೇ ಗಂಟಾಗಿ ನಿಂತಿತು, ಅವರು ಒಂದು ಮಾತೂ ಆಡದೆ ಅದನ್ನು ನನ್ನ ಕೈಗೆ ಮರಳಿಸಿದರು. ಬೈದಿದ್ದರೆ ಅಷ್ಟು ನೆನಪಿರುತ್ತಿರಲಿಲ್ಲವೇನೋ.

ತರಬೇತಿಯ ನಿಜವಾದ ಬೆಲೆ ತಿಳಿದದ್ದು ಎರಡನೆಯ ವಾರ, ಮೆಮೊರಿ ಕಾರ್ಡ್‌ಗಳ ಮೇಜಿನ ಬಳಿ ಕೂರಿಸಿದಾಗ. ಚಿತ್ರೀಕರಣವಾದ ಕಾರ್ಡ್‌ಗೆ ಕೆಂಪು ಟೇಪು, ಖಾಲಿ ಕಾರ್ಡ್‌ಗೆ ಹಸಿರು ಟೇಪು ಎಂಬುದು ಆ ತಂಡದ ಪದ್ಧತಿ. ಒಂದು ಕಾರ್ಡ್ ಬಂದರೆ ಅದನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಬೇಕು, ಮೂಲಕ್ಕೂ ನಕಲಿಗೂ ಚೆಕ್‌ಸಮ್ (ಕಡತದ ದತ್ತಾಂಶದಿಂದ ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ) ಹೊಂದುತ್ತದೆಯೇ ಎಂದು ತಂತ್ರಾಂಶದಲ್ಲಿ ತಾಳೆ ನೋಡಬೇಕು, ಬಳಿಕ ಕೆಲವು ಶಾಟ್‌ಗಳನ್ನು ತೆರೆದು ಕಣ್ಣಾರೆ ನೋಡಬೇಕು. ಇವೆಲ್ಲ ಮುಗಿದು ಹಿರಿಯರೊಬ್ಬರು ಬಾಯಿಬಿಟ್ಟು ‘ಅಳಿಸಬಹುದು’ ಎಂದ ನಂತರವೇ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು. ಒಂದು ಸಂಜೆ, ನಕಲು ಶೇಕಡಾ 90 ದಾಟಿತ್ತೆಂಬ ಧೈರ್ಯದಲ್ಲಿ ನಾನು ಕೆಂಪು ಟೇಪು ಕೀಳಲು ಕೈ ಹಾಕಿದ್ದೆ. ಅದನ್ನು ಕಂಡ ಹಿರಿಯರು ನನ್ನನ್ನು ಮೇಜಿನಿಂದ ಎಬ್ಬಿಸಿ ಎರಡು ದಿನ ಬಾಗಿಲು ಕಾಯಲು ನಿಲ್ಲಿಸಿದರು. ಇಡೀ ತಂಡದ ಒಂದು ದಿನದ ದುಡಿಮೆ ಹೆಬ್ಬೆರಳಿನಷ್ಟು ದೊಡ್ಡ ಕಾರ್ಡ್‌ನಲ್ಲಿರುತ್ತದೆ. ಶಿಕ್ಷೆ ಹೆಚ್ಚಾಯಿತೆಂದು ನನಗೆ ಅನ್ನಿಸಲಿಲ್ಲ.

ಕ್ಲಾಪ್ ಬೋರ್ಡ್ ಹೊಡೆಯುವ ಕೆಲಸವೂ ದೊರೆಯುತ್ತದೆ. ಧ್ವನಿಯನ್ನು ಬೇರೆ ಯಂತ್ರದಲ್ಲಿ ದಾಖಲಿಸುವಾಗ, ಪಟ್ಟಿಗಳೆರಡೂ ಕೂಡಿದ ಚೌಕಟ್ಟನ್ನೂ ಆ ‘ಟಪ್’ ಶಬ್ದವನ್ನೂ ಹೊಂದಿಸಿಯೇ ಸಂಕಲನಕಾರರು ಚಿತ್ರ ಮತ್ತು ಧ್ವನಿಯನ್ನು ಕೂಡಿಸುತ್ತಾರೆ. ಟೇಕ್‌ನ ಆರಂಭದಲ್ಲಿ ಹೊಡೆಯಲಾಗದೆ ಕೊನೆಯಲ್ಲಿ ಹೊಡೆದರೆ ಆ ಹೊಡೆತ ಆಗಷ್ಟೇ ಮುಗಿದ ಟೇಕ್‌ನದೆಂದು ಸಂಕಲನಕಾರರಿಗೆ ತಿಳಿಯಲು ಬೋರ್ಡನ್ನು ತಲೆಕೆಳಗಾಗಿ ಹಿಡಿಯಬೇಕು. ಇದು ಏಕೆಂದು ನನಗೆ ಪೂರ್ಣವಾಗಿ ಅರ್ಥವಾದದ್ದು, ನಾನೇ ನೇರವಾಗಿ ಹಿಡಿದಿದ್ದ ಬೋರ್ಡ್‌ನಿಂದಾಗಿ ಮರುದಿನ ಸಂಕಲನ ಕೊಠಡಿಯಲ್ಲಿ ಗೊಂದಲವಾದಾಗ.

ಇನ್ನು ಕೊರತೆಗಳು. ಕೊನೆಯ ಎರಡು ವಾರ ಸಂಕಲನ ಕಲಿಸುತ್ತೇವೆಂದು ವಿವರಣಾ ಪತ್ರದಲ್ಲಿ ಬರೆದಿದ್ದರು. ಆದರೆ ಕಂಪ್ಯೂಟರುಗಳೆಲ್ಲ ಗ್ರಾಹಕರ ಕೆಲಸಕ್ಕೆ ಮೀಸಲಾಗಿದ್ದವು, ನನಗೆ ಉಳಿದದ್ದು ಕಡತಗಳಿಗೆ ಹೆಸರಿಡುವುದು ಮತ್ತು ಹಿಂದಿನ ಕುರ್ಚಿಯಲ್ಲಿ ಕುಳಿತು ನೋಡುವುದು. ಅದಕ್ಕಿಂತ ದೊಡ್ಡ ನಿರಾಸೆ ಕೊನೆಯ ದಿನ ಕಾದಿತ್ತು. ಗ್ರಾಹಕರೊಂದಿಗಿನ ಗೋಪ್ಯತೆಯ ಒಪ್ಪಂದದಿಂದಾಗಿ ಒಂದು ಶಾಟ್ ಕೂಡ ನನ್ನ ಕೆಲಸದ ಮಾದರಿಗಳ ವಿಡಿಯೊಗೆ, ಅಂದರೆ ಶೋರೀಲ್‌ಗೆ ಸಿಗುವುದಿಲ್ಲವೆಂದು ಆಗ ತಿಳಿಸಿದರು. ಒಪ್ಪಂದ ಸರಿಯೇ, ಆದರೆ ಅದನ್ನು ಮೊದಲ ದಿನವೇ ಹೇಳಬೇಕಿತ್ತು. ಸೇರುವ ಮುನ್ನ ದಿನದ ಗಂಟೆಗಳು, ಖರ್ಚಿನ ಮರುಪಾವತಿ, ಶೀರ್ಷಿಕೆಯಲ್ಲಿ ಹೆಸರು, ಶೋರೀಲ್‌ಗೆ ಅನುಮತಿ ಇವಿಷ್ಟನ್ನೂ ಬರಹದಲ್ಲೇ ಪಡೆದುಕೊಳ್ಳಿ. ನಾನು ಪಡೆದಿದ್ದದ್ದು ಖರ್ಚಿನ ವಿಷಯವೊಂದನ್ನೇ, ಅದೊಂದೇ ತಕರಾರಿಲ್ಲದೆ ನಡೆಯಿತು.

ತರಬೇತಿ ಮುಗಿದ ಮೂರು ವಾರಗಳಿಗೆ, ನನಗೆ ಕೇಬಲ್ ಮರಳಿಸಿದ್ದ ಅದೇ ಸಹಾಯಕ ಛಾಯಾಗ್ರಾಹಕರು ಬೇರೊಂದು ತಂಡದ ಎರಡು ದಿನಗಳ ಚಿತ್ರೀಕರಣಕ್ಕೆ ಕರೆದರು, ಈ ಬಾರಿ ಸಂಬಳ ಸಹಿತ. ಶೋರೀಲ್ ಇದೆಯೇ ಎಂದು ಅವರು ಕೇಳಲಿಲ್ಲ. ಕಾರ್ಡ್‌ಗಳ ಮೇಜು ನೋಡಿಕೊಳ್ಳಲು ಜನ ಬೇಕಿತ್ತು.