ಪಾರಿ/ಜಿಪಿ ವಿಮರ್ಶೆ: 147573952589676412927 ಕೊಟ್ಟು ನೋಡಿದರೆ

ಒಂದೇ ಒಂದು ದೊಡ್ಡ ಪೂರ್ಣಾಂಕವನ್ನು ಜಾಲಾಡಬೇಕಿದ್ದರೆ ಪಾರಿ/ಜಿಪಿ ಸಾಕು. ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಬೆಳೆದ, ಸಂಖ್ಯೆಗಳ ಗಣಿತಕ್ಕಾಗಿ ಇರುವ ಉಚಿತ ತಂತ್ರಾಂಶ. ಉಬುಂಟುವಿನಲ್ಲಿ ಪಾರಿ-ಜಿಪಿ ಪ್ಯಾಕೇಜ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ಜಿಪಿ ಎಂದು ಟೈಪಿಸಿದರೆ ತೆರೆದುಕೊಳ್ಳುತ್ತದೆ. ಬಟನ್, ಮೆನು ಯಾವುದೂ ಇಲ್ಲ.

ಪರೀಕ್ಷೆಗೆ 2^67-1, ಅಂದರೆ ಶೀರ್ಷಿಕೆಯಲ್ಲಿರುವುದೇ, ಒಳ್ಳೆಯ ಸಂಖ್ಯೆ. ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯ ಎಂದಿದ್ದ. ಅಲ್ಲವೆಂದು ಲ್ಯೂಕಾ 1876ರಲ್ಲಿ ತೋರಿಸಿದ. ಅಪವರ್ತನಗಳನ್ನು ಕೋಲ್ ಮುಂದಿಟ್ಟದ್ದು 1903ರಲ್ಲಿ, ಅದೂ ಕೈಲೆಕ್ಕದಲ್ಲಿ. ಇಲ್ಲಿ ಫ್ಯಾಕ್ಟರ್(2^67-1) ಎಂದು ಎಂಟರ್ ಒತ್ತಿದ ಕೂಡಲೇ 193707721 ಮತ್ತು 761838257287 ಬರುತ್ತವೆ. ಉತ್ತರ ಎರಡು ಕಂಬಸಾಲಿನಲ್ಲಿರುತ್ತದೆ: ಎಡಕ್ಕೆ ಅವಿಭಾಜ್ಯ, ಬಲಕ್ಕೆ ಘಾತ. ಎರಡೂ ಅಪವರ್ತನಗಳಿಂದ 1 ಕಳೆದು 134ರಿಂದ (67ರ ಇಮ್ಮಡಿ) ಭಾಗಿಸಿ ನೋಡಿ. ಶೇಷ ಉಳಿಯುವುದಿಲ್ಲ (1445580 ಮತ್ತು 5685360129). ಘಾತ 67 ಅವಿಭಾಜ್ಯವಾದ್ದರಿಂದ ಹಾಗಾಗಲೇಬೇಕು. ಆಯ್ಲರ್‌ಫೈ (ಈ ಸಂಖ್ಯೆಗಿಂತ ಚಿಕ್ಕದಾಗಿದ್ದು ಇದರೊಡನೆ 1 ಬಿಟ್ಟು ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳ ಎಣಿಕೆ) ಕೇಳಿದರೆ 147573951827644447920.

ಎಡವುವುದು ಅವಿಭಾಜ್ಯ ಪರೀಕ್ಷೆಯಲ್ಲಿ. ಇದೇ ಸಂಖ್ಯೆಯನ್ನು ಎನ್ ಎನ್ನೋಣ. ಮಾಡ್(2,ಎನ್)^(ಎನ್-1), ಅಂದರೆ 2ರ ಎನ್-1ನೇ ಘಾತವನ್ನು ಎನ್‌ನಿಂದ ಭಾಗಿಸಿದಾಗಿನ ಶೇಷ, ಲೆಕ್ಕ ಹಾಕಿದರೆ 1 ಬರುತ್ತದೆ. ಬೆಸ ಅವಿಭಾಜ್ಯಕ್ಕೆ ಬರಬೇಕಾದದ್ದೂ 1, ಅಂದರೆ ಫರ್ಮಾ ಪರೀಕ್ಷೆ ಪಾಸು! ಕಾರಣ ಸರಳ: ಈ ಎನ್‌ಗೆ 2ರ 67ನೇ ಘಾತವೇ ಶೇಷ 1 ಕೊಡುತ್ತದೆ, ಎನ್-1 ಎಂಬುದು 67ರ ಗುಣಕ. ಆಧಾರವನ್ನು 3 ಮಾಡಿ, ಬಣ್ಣ ಬಯಲಾಗುತ್ತದೆ. ಅವಿಭಾಜ್ಯವೇ ಎಂದು ನೋಡುವ ಈಸ್‌ಪ್ರೈಮ್ ಆಜ್ಞೆ ಮೋಸ ಹೋಗುವುದಿಲ್ಲ, 0 (ಅಲ್ಲ) ಎನ್ನುತ್ತದೆ. ಆದರೆ ಫ್ಯಾಕ್ಟರ್ ಕೊಡುವ ಅವಿಭಾಜ್ಯಗಳು 2^64 ದಾಟಿದ್ದರೆ ಅವು ಬರೀ ಸಂಭಾವ್ಯ ಅವಿಭಾಜ್ಯಗಳು (ಪರೀಕ್ಷೆ ದಾಟಿದ್ದರೂ ಸಾಬೀತಾಗದವು); ರುಜುವಾತು ಬೇಕಿದ್ದರೆ ಡಿಫಾಲ್ಟ್(ಫ್ಯಾಕ್ಟರ್_ಪ್ರೂವನ್,1) ಮೊದಲೇ ಕೊಡಬೇಕು. ಇದನ್ನು ಪರದೆ ಹೇಳುವುದಿಲ್ಲ, ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ. ಮಿತಿಯವರೆಗಿನ ಸಣ್ಣ ಅಪವರ್ತನಗಳನ್ನಷ್ಟೇ ಹುಡುಕುವ ಫ್ಯಾಕ್ಟರ್(ಎನ್,ಮಿತಿ) ಬಳಸಿದರಂತೂ ಕೊನೆಯ ಸಾಲಿನಲ್ಲಿ ಸಂಯುಕ್ತ ಸಂಖ್ಯೆಯೇ ಕೂತಿರಬಹುದು.

ಸಂಖ್ಯೆಯನ್ನು ಎಕ್ಸೆಲ್‌ನಿಂದ ನಕಲು ಮಾಡಿ ತರಬೇಡಿ. ಅಲ್ಲಿ 15 ಅಂಕಿ ಉಳಿದು ಮಿಕ್ಕದ್ದು ಸೊನ್ನೆಯಾಗುತ್ತದೆ, ಬೆಸ ಸಂಖ್ಯೆ ಸಮವಾಗಿಬಿಡುತ್ತದೆ. ಜಿಪಿಯಲ್ಲೂ 1ಇ20 ಎಂದು ಬರೆದರೆ ಅದು ದಶಮಾಂಶ ಸಂಖ್ಯೆ, ಪೂರ್ಣಾಂಕವಲ್ಲ. 10^20 ಎಂದೇ ಬರೆಯಿರಿ. ಇಲ್ಲಿ ಹೇಳಿದ ಆಜ್ಞೆಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಮಾಡ್‌ನ ಎಂ ಮಾತ್ರ ದೊಡ್ಡದು. ಆಜ್ಞೆಯ ಹೆಸರಿಗೆ ಮೊದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಚುಟುಕು ವಿವರಣೆ ಸಿಗುತ್ತದೆ. ಲೆಕ್ಕಕ್ಕೆ ಹಿಡಿದ ಸಮಯ ತೋರಿಸಲು # ಹಾಕಿ ಎಂಟರ್ ಒತ್ತಿ.

ವೇಗ ಅಂಕಿಗಳ ಎಣಿಕೆಗಿಂತ ಅಪವರ್ತನಗಳ ಗಾತ್ರವನ್ನು ನೆಚ್ಚಿಕೊಂಡಿದೆ. ಒಳಗೆ ಸಣ್ಣ ಅವಿಭಾಜ್ಯಗಳಿಂದ ಭಾಗಾಕಾರ, ಪೊಲಾರ್ಡ್ ರೋ, ಎಲಿಪ್ಟಿಕ್ ಕರ್ವ್ ವಿಧಾನಗಳು ಓಡುತ್ತವೆ, ಕೊನೆಗೆ ಕ್ವಾಡ್ರಾಟಿಕ್ ಸೀವ್. 200 ಅಂಕಿಯಿದ್ದರೂ ಒಂದನ್ನುಳಿದು ಎಲ್ಲ ಅಪವರ್ತನಗಳೂ ಸಣ್ಣವಾಗಿದ್ದರೆ ಸಲೀಸು. ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಅವಿಭಾಜ್ಯಗಳ 100 ಅಂಕಿಯ ಗುಣಲಬ್ಧ ಕೈಗೆ ಬಂದರೆ ಜಿಪಿ ಬಿಟ್ಟು ಅಪವರ್ತನಕ್ಕೆಂದೇ ಇರುವ ಯಾಫು ಅಥವಾ ಕ್ಯಾಡೊ-ಎನ್‌ಎಫ್‌ಎಸ್ ತಂತ್ರಾಂಶ ಹಿಡಿಯಿರಿ.