ಹೊಸ ವಿಶೇಷ ಶಿಕ್ಷಕರಿಗೆ ದೀಕ್ಷಾ ಕೋರ್ಸೋ, ವಿಡಿಯೊ ಕರೆಯೋ?

ಉಡುಪಿ ಕಡೆಯ ಶಾಲೆಗೆ ಈ ವರ್ಷ ವಿಶೇಷ ಶಿಕ್ಷಕರಾಗಿ ಸೇರಿದ್ದೀರಾ? ಹಾಗಾದರೆ ಇದು ನಿಮಗೆ.

ದೀಕ್ಷಾ 2017ರಲ್ಲಿ ಶುರುವಾದ, ಆನ್‌ಲೈನ್ ಕೋರ್ಸುಗಳಿರುವ ಸರ್ಕಾರಿ ವೇದಿಕೆ. ದುಡ್ಡು ಕೊಡಬೇಕಿಲ್ಲ, ರಾತ್ರಿ ಊಟ ಆದ ಮೇಲೂ ನೋಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಇಂಥ ವಿಷಯಗಳ ಮೊದಲ ಪರಿಚಯಕ್ಕೆ ಕೋರ್ಸ್ ಒಳ್ಳೆಯದೇ. ಆದರೆ ಕೋರ್ಸಿನ ವಿಡಿಯೊಗೆ ತಿರುಗಿ ಪ್ರಶ್ನೆ ಕೇಳೋಕಾಗಲ್ಲ, ಅಲ್ವಾ?

ಅನುಭವಿ ಶಿಕ್ಷಕರೊಬ್ಬರ ಜೊತೆ ವಾರಕ್ಕೊಮ್ಮೆ ಗೂಗಲ್ ಮೀಟ್‌ನಲ್ಲಿ ವಿಡಿಯೊ ಕರೆ ಮಾಡಿದರೆ ಕಥೆಯೇ ಬೇರೆ. ಆಟಿಸಂ ಇರುವ, ಮಾತಾಡದ ಹುಡುಗನೊಬ್ಬ ದಿನಾ ಮೇಜು ತಳ್ಳುತ್ತಾನೆ ಅಂದುಕೊಳ್ಳಿ. ಬೇಕಾದ್ದನ್ನು ಹೇಳೋಕೆ ಅವನು ತೋರಿಸೋ ಚಿತ್ರಕಾರ್ಡುಗಳನ್ನು ಕ್ಯಾಮೆರಾಗೆ ಹಿಡಿಯಿರಿ. ನೀರು, ಊಟ, ಆಟ ಎಲ್ಲ ಇದೆ, ‘ಸಾಕು’ ಅನ್ನೋ ಕಾರ್ಡೇ ಇಲ್ಲ! ಅದನ್ನೇ ಮೇಜು ತಳ್ಳಿ ಹೇಳುತ್ತಿರಬಹುದು. ಪಳಗಿದವರ ಕಣ್ಣಿಗೆ ಇದು ಬೇಗ ಬೀಳುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅನ್ನೋ ತೊಡಕೂ ಊರಿನವರಿಗೇ ಚೆನ್ನಾಗಿ ಗೊತ್ತು.

ವಾಟ್ಸ್ಆ್ಯಪ್ ಗುಂಪು ತುರ್ತಿಗೆ ಸರಿ. ಶುಭೋದಯದ ಹೂಗಳ ನಡುವೆ ಉತ್ತರ ಹುಡುಕಬೇಕು, ಅಷ್ಟೇ. ಮಗುವಿನ ಹೆಸರು, ಫೋಟೊ ಮಾತ್ರ ಹಾಕಲೇಬೇಡಿ.

ನನ್ನ ಮತ ಮೀಟ್‌ಗೆ. ಮಳೆಗಾಲದಲ್ಲಿ ನೆಟ್ ಕೈಕೊಟ್ಟರೆ ಧ್ವನಿ ಸಂದೇಶ ಕಳಿಸಿ. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನವೀಕರಣಕ್ಕೆ ಅಂಕ ಬೇಕಿದ್ದರೆ, ಪರಿಷತ್ತು ಒಪ್ಪಿದ ಕಾರ್ಯಕ್ರಮಕ್ಕೇ ಸೇರಬೇಕು.